ಗುಂಪಿನ ಜೊತೆ ಮೊದಲ ಸಲ ಸೈಕಲ್ ತುಳಿಯುವವರಿಗೆ

ಒಬ್ಬರೇ ತುಳಿಯುವವರು ಗುಂಪಿಗೆ ಬರಲು ಹೆದರುವುದು ಒಂದೇ ಕಾರಣಕ್ಕೆ: "ನಾನು ಹಿಂದೆ ಉಳಿದುಬಿಟ್ಟರೆ?" ಅದಕ್ಕೇ ಹೆಸರು ಕೊಡುವ ಮುಂಚೆ ಎರಡು ಮಾತು ಕೇಳಿ. ಸರಾಸರಿ ವೇಗ ಎಷ್ಟು? ಕೊನೆಯವರ ಜೊತೆ ಯಾರು ಇರುತ್ತಾರೆ? ಗಂಟೆಗೆ 18 ಕಿ.ಮೀ. ಅಂದರೆ ಧೈರ್ಯವಾಗಿ ಬನ್ನಿ. 28 ಅಂದರೆ ಸದ್ಯಕ್ಕೆ ಬೇಡ. ಎರಡನೇ ಪ್ರಶ್ನೆಗೆ ತಡವರಿಸುವ ಗುಂಪಿಗೆ ನಾನಂತೂ ಹೊಸಬರನ್ನು ಕಳಿಸುವುದಿಲ್ಲ.

ಬೆಂಗಳೂರಿನವರು ಮೊದಲ ಸಲವೇ ನಂದಿಬೆಟ್ಟ ಅಂತ ಹಟ ಹಿಡಿಯಬೇಡಿ. ಹೋಗುವುದಕ್ಕೇ ಸುಮಾರು 60 ಕಿ.ಮೀ., ಆಮೇಲೆ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟದ ಏರು. ಊರೊಳಗಿನ 20 ಕಿ.ಮೀ. ಬೆಳಗಿನ ಸವಾರಿ ಸಾಕು. ವಾಪಸ್ ಬರುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಹೆಲ್ಮೆಟ್, ನೀರು, ಹಿಂದೆ ಕೆಂಪು ಲೈಟ್ ಇರಲಿ. ಪಂಕ್ಚರ್ ಆದರೆ ಬದಲಿಸಲು ಟ್ಯೂಬ್ ಮಾತ್ರ ನಿಮ್ಮದೇ ತನ್ನಿ. ಪಂಪ್ ಯಾರಾದರೂ ಕೊಡುತ್ತಾರೆ, ಆದರೆ ರೋಡ್ ಬೈಕಿನ 700ಸಿ (ದೊಡ್ಡ ಚಕ್ರದ ಅಳತೆ) ಟ್ಯೂಬ್ ನಿಮ್ಮ 26 ಇಂಚಿನ ಚಕ್ರಕ್ಕೆ ಸರಿಹೋಗುವುದಿಲ್ಲ. ವಾಲ್ವ್ ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಸಣ್ಣ ಅಡಾಪ್ಟರನ್ನೂ ಜೇಬಿಗೆ ಹಾಕಿಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಸಲು ಬೇಕಾಗುತ್ತದೆ.

ತುಳಿಯುವಾಗ ಮುಂದಿನ ಚಕ್ರಕ್ಕೆ ಅಂಟಿಕೊಳ್ಳಬೇಡಿ, ದಿಢೀರ್ ಬ್ರೇಕ್ ಹಾಕಬೇಡಿ. ಗುಂಡಿ ಕಂಡರೆ ಕೈ ತೋರಿಸಿ, ಜೋರಾಗಿ ಕೂಗಿ. ನಾಚಿಕೆ ಯಾಕೆ?

ಕೊನೆಗೆ ಇಡ್ಲಿ ಹೋಟೆಲಿಗೆ ಬರದೆ ಸುಮ್ನೆ ಜಾರಿಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಒಳ್ಳೆಯ ಮೆಕ್ಯಾನಿಕ್ ಯಾರು, ಮುಂದಿನ ವಾರ ಎಲ್ಲಿಗೆ ಅನ್ನುವುದೆಲ್ಲ ಗೊತ್ತಾಗುವುದು ಅಲ್ಲೇ.