ಹಾಲಿನವರು ಬರುವ ಮುಂಚಿನ ಹದಿನೈದು ನಿಮಿಷ: ದೇವರ ಜೊತೆ ದಿನವೂ ಕೂರುವುದು ಹೇಗೆ?

ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತೇವೆ. ಆದರೂ ಸೋಮವಾರದಿಂದ ಶನಿವಾರದವರೆಗೆ ದೇವರು ದೂರದ ನೆಂಟರ ಹಾಗೆ ಇದ್ದುಬಿಡುತ್ತಾರೆ. ಈ ಕೊರಗನ್ನು ಎಷ್ಟೋ ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ನನ್ನ ಕೊರಗೂ ಅದೇ ಆಗಿತ್ತು. ಹೊಸ ವರ್ಷಕ್ಕೆ ದಿನಕ್ಕೊಂದು ಗಂಟೆ ಪ್ರಾರ್ಥನೆ ಅಂತ ಶುರು ಮಾಡಿ, ಎರಡನೇ ವಾರಕ್ಕೆ ಬಿಟ್ಟಿದ್ದೆ. ಕೊನೆಗೆ ಕೈಹಿಡಿದದ್ದು ದಿನಕ್ಕೆ 15 ನಿಮಿಷ. ಅದೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಹಿಂಬಾಗಿಲ ಹತ್ತಿರದ ಒಂದು ಮಣೆ. ಬೆಳಗ್ಗೆ 5.30ಕ್ಕೆ, ಹಾಲಿನವರ ಬೈಕ್ ಸದ್ದು ಕೇಳುವ ಮುಂಚೆ ಅಲ್ಲಿ ಕೂರುತ್ತೇನೆ. ಸತ್ಯವೇದ (ಬೈಬಲ್), ನೋಟ್‌ಬುಕ್, ಪೆನ್ನು ಮೂರನ್ನೂ ರಾತ್ರಿಯೇ ಅಲ್ಲಿ ಇಟ್ಟಿರಬೇಕು. ಪೆನ್ನು ಹುಡುಕಲು ಎದ್ದರೆ ಮುಗೀತು, ಸಿಂಕಿನ ಪಾತ್ರೆ ಕಣ್ಣಿಗೆ ಬೀಳುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಬೈಬಲ್ ಆ್ಯಪ್ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅದರ ಬೆನ್ನಿಗೇ ವಾಟ್ಸಾಪ್ ಇಣುಕುತ್ತದೆ, ಅಲ್ವಾ? ರಾತ್ರಿ ಪಾಳಿಯವರಿಗೆ ಮಧ್ಯಾಹ್ನವೇ ಒಳ್ಳೆಯ ಹೊತ್ತಾಗಬಹುದು.

ಆಮೇಲೆ ಓದು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಮಾರ್ಕನ ಸುವಾರ್ತೆ, ಸತ್ಯವೇದದಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಲ್ಲಿ ಒಂದು. ಒಟ್ಟು 16 ಅಧ್ಯಾಯ, ಸಣ್ಣ ಸಣ್ಣ ಘಟನೆಗಳು. ದಿನಕ್ಕೆ ಒಂದು ಘಟನೆ ಸಾಕು. ಎರಡು ಸಲ ಓದಿ, ಎರಡನೇ ಸಲ ಬಾಯಿಬಿಟ್ಟು ಓದಿ. ಸತ್ಯವೇದದ ಹಾಡು-ಪ್ರಾರ್ಥನೆಗಳ ಪುಸ್ತಕವಾದ ಕೀರ್ತನೆಗಳಲ್ಲಿ, 1ನೇ ಕೀರ್ತನೆಯಲ್ಲಿ ದೇವರ ಮಾತನ್ನು ಹಗಲಿರುಳು ಧ್ಯಾನಿಸುವವನ ವಿಷಯ ಬರುತ್ತದೆ. ಅಲ್ಲಿರುವ ಹೀಬ್ರೂ ಪದ ‘ಹಾಗಾ’. ಬಾಯಲ್ಲೇ ಗುನುಗುವುದು ಅಂತ ಅರ್ಥ. ಯೆಶಾಯನ ಪುಸ್ತಕದಲ್ಲಿ ಬೇಟೆಯ ಮುಂದೆ ಗುರುಗುಡುವ ಸಿಂಹಕ್ಕೂ, ನರಳುವ ಪಾರಿವಾಳಕ್ಕೂ ಇದೇ ಪದ ಬಂದಿದೆ. ಇದು ಗೊತ್ತಾದ ಮೇಲೆ ನನ್ನ ಎಷ್ಟೋ ಭಾರ ಇಳಿಯಿತು. ಕಾಲು ಮಡಚಿ ಅಲುಗಾಡದೆ ಕೂತರಷ್ಟೇ ಧ್ಯಾನ ಅಂದುಕೊಂಡಿದ್ದೆ. ಒಂದು ಸಾಲನ್ನು ಬಾಯಲ್ಲಿಟ್ಟುಕೊಂಡು ಓಡಾಡುವುದೂ ಧ್ಯಾನವೇ.

ಹಾಗಾಗಿ ಓದಿದ್ದರಲ್ಲಿ ಒಂದೇ ಸಾಲು ಆರಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮಾರ್ಕ 9ರಲ್ಲಿ ಕಾಯಿಲೆಯ ಮಗನನ್ನು ಕರೆದುಕೊಂಡು ಬಂದ ಅಪ್ಪ ಒಬ್ಬನಿದ್ದಾನೆ. ನಂಬುತ್ತೇನೆ, ನಂಬಿಕೆ ಸಾಲದಿದ್ದರೆ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಆ ಮಾತನ್ನು ನಾನು ಒಂದು ವಾರ ಪೂರ್ತಿ ಚಪಾತಿ ಲಟ್ಟಿಸುತ್ತಾ ಹೇಳಿಕೊಂಡಿದ್ದೇನೆ. ಮೂರನೇ ದಿನ ಅದು ಅವನ ಮಾತಾಗಿ ಉಳಿಯಲಿಲ್ಲ, ನನ್ನದೇ ಆಗಿಬಿಟ್ಟಿತು.

ಇನ್ನು ಮಾತು. ಸಭೆಯಲ್ಲಿ ಪ್ರಾರ್ಥಿಸುವಾಗ ನಮ್ಮ ಕನ್ನಡ ತಾನಾಗಿಯೇ ದೊಡ್ಡದಾಗುತ್ತದೆ. ಒಬ್ಬರೇ ಕೂತಾಗ ಅದು ಬೇಡ. ಮನೆಯಲ್ಲಿ ಆಡುವ ಮಾತಲ್ಲೇ ಹೇಳಿ. ಕೊಂಕಣಿಯಾದರೆ ಕೊಂಕಣಿ, ತುಳುವಾದರೆ ತುಳು. ಗೆತ್ಸೆಮನೆ ತೋಟದಲ್ಲಿ ಯೇಸು ದೇವರನ್ನು ಕರೆದದ್ದು ‘ಅಬ್ಬಾ’ ಅಂತ. ಅವರ ಮನೆಮಾತಾದ ಅರಾಮಿಕ್‌ನಲ್ಲಿ ಮಕ್ಕಳು ಅಪ್ಪನನ್ನು ಕರೆಯುವ ಪದ ಅದು. ನಮ್ಮ ‘ಅಪ್ಪಾ’ಗೆ ಎಷ್ಟು ಹತ್ತಿರ ನೋಡಿ. ಸಾಲದ ಕಂತು, ಅತ್ತಿಗೆಯ ಜೊತೆ ಮುರಿದ ಮಾತು, ಮಗಳ ಪರೀಕ್ಷೆ, ಎಲ್ಲವನ್ನೂ ಹೆಸರು ಹಿಡಿದು ಹೇಳಿ. ತಪ್ಪು ಮಾಡಿದ್ದರೆ ಅದನ್ನೂ ಸುತ್ತಿಬಳಸದೆ ಹೇಳಿ. ಮಾತು ಮುಗಿದ ಕೂಡಲೇ ಏಳಬೇಡಿ. ಎರಡು ನಿಮಿಷ ಸುಮ್ನೆ ಕೂತಿರಿ. ಮೊದಮೊದಲು ಆ ಎರಡು ನಿಮಿಷವೇ ಬಲು ಕಷ್ಟ.

ಮಧ್ಯೆ ಯಾರೋ ಕರೆಯುತ್ತಾರೆ. ಕರೆಯಲಿ. ಮಾರ್ಕ 1ರಲ್ಲಿ ಹಿಂದಿನ ಸಂಜೆ ಕಪೆರ್ನೌಮಿನ ಊರಿಗೆ ಊರೇ ಬಾಗಿಲ ಮುಂದೆ ನಿಂತಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರು. ಅಲ್ಲಿಗೂ ಶಿಷ್ಯ ಸೀಮೋನ ಹುಡುಕಿಕೊಂಡು ಬಂದ, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಎಂದ. ಯೇಸು ಬೈಯಲಿಲ್ಲ. ಆದರೆ ಆ ಜನರ ಕಡೆಗೂ ಹೋಗಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಎಂದರು. ಅವತ್ತಿನ ದಿನ ಯಾವ ಕಡೆ ಅನ್ನುವುದು ಆ ಕತ್ತಲಲ್ಲೇ ತೀರ್ಮಾನವಾಗಿತ್ತು ಅಂತ ನನಗೆ ಅನಿಸುತ್ತದೆ.

ರಾತ್ರಿಯದು ಐದೇ ನಿಮಿಷದ ಕೆಲಸ. ದೀಪ ಆರಿಸುವ ಮುಂಚೆ ಬೆಳಗ್ಗೆಯಿಂದ ನಡೆದದ್ದನ್ನು ಒಂದು ಸಲ ನೆನೆಸಿಕೊಳ್ಳಿ. ಎಲ್ಲಿ ಮನಸ್ಸು ಹಗುರವಾಯಿತು, ಎಲ್ಲಿ ಎಡವಿದೆ, ನಾಳೆ ಯಾರ ಹತ್ತಿರ ಕ್ಷಮೆ ಕೇಳಬೇಕು. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಹೇಳಿಕೊಟ್ಟ ಅಭ್ಯಾಸ ಹೆಚ್ಚುಕಡಿಮೆ ಇದೇ. ಒಂದೇ ಒಂದು ಸಾಲು ಬರೆದು ಮಲಗಿ.

ಏನೂ ಅನಿಸದ ದಿನಗಳ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ನಾಲ್ಕು ತಿಂಗಳು ನನ್ನ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ. ಮಣೆ ಮೇಲೆ ಕೂರುತ್ತಿದ್ದೆ, ಗೋಡೆ ನೋಡುತ್ತಿದ್ದೆ. ನಂಬಿಕೆಯೇ ಹೋಯಿತೇನೋ ಅಂತ ಭಯವಾಯಿತು. ಅಂಥ ಹೊತ್ತಿಗೆ ಕೀರ್ತನೆಗಳನ್ನು ಎತ್ತಿಕೊಳ್ಳಿ. 13ನೆಯದು ಆರೇ ವಚನ. ಎಷ್ಟರ ತನಕ ಅಂತ ದೇವರನ್ನು ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಕೇಳುತ್ತದೆ, ಕೊನೆಗೆ ಹಾಡಿಗೆ ಬಂದು ನಿಲ್ಲುತ್ತದೆ. 88ನೆಯದು ಹಾಡಿಗೂ ಬರುವುದಿಲ್ಲ, ಕತ್ತಲಲ್ಲೇ ಮುಗಿದುಹೋಗುತ್ತದೆ. ಅದನ್ನೂ ದೇವರ ಜನ ಪ್ರಾರ್ಥನೆ ಅಂತಲೇ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ. ಆ ನಾಲ್ಕು ತಿಂಗಳು ನಾನು ಅದನ್ನೇ ಓದಿದೆ, ಬೇರೇನೂ ಓದಲಿಲ್ಲ.

ಓದಲೂ ಆಗದ ದಿನ ಬಂದರೆ, ಕೂತು, ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಕು ಬರೆದು ಏಳಿ. ನನ್ನ ಪುಸ್ತಕದಲ್ಲಿ ಬರೀ ತಾರೀಕು ಇರುವ ಹಾಳೆಗಳು ಹನ್ನೊಂದಿವೆ. ಹನ್ನೆರಡನೆಯದರಲ್ಲಿ ತಾರೀಕಿನ ಕೆಳಗೆ ‘ಅಪ್ಪಾ’ ಅಂತ ಇದೆ.