ಆಟಿ ತಿಂಗಳಿಗೆ ಬೇಸಗೆಯಲ್ಲೇ ತಯಾರಿ

ತುಳುನಾಡಿನಲ್ಲಿ ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಒಂದು ತಿಂಗಳು. ನೇಜಿ, ಅಂದರೆ ಭತ್ತದ ಸಸಿ, ನೆಟ್ಟು ಮುಗಿದಿರುತ್ತದೆ, ಮಳೆ ಮಾತ್ರ ಬಿಡುವುದಿಲ್ಲ. ನಾನು ಸಣ್ಣವಳಿದ್ದಾಗ ಆಟಿಯಲ್ಲಿ ಮನೆಯಲ್ಲಿ ಅಕ್ಕಿ ಕೂಡ ಎಣಿಸಿ ಬೇಯಿಸುತ್ತಿದ್ದರು. ಈಗ ಅಂಗಡಿಗೆ ಹೋದರೆ ಎಲ್ಲಾ ಸಿಗುತ್ತದೆ, ಹಾಗಂತ ನನ್ನ ಅಭ್ಯಾಸ ಬಿಟ್ಟಿಲ್ಲ. ಏಪ್ರಿಲ್ ಬಿಸಿಲು ಏರಿತೆಂದರೆ ನನ್ನ ತಲೆಯಲ್ಲಿ ಆಟಿಯದ್ದೇ ಲೆಕ್ಕ. ಮಳೆಗಾಲದಲ್ಲಿ ಗಂಜಿಯ ಜೊತೆ ಬಾಯಿಗೆ ರುಚಿ ಕೊಡುವುದೆಲ್ಲ ಬೇಸಗೆಯಲ್ಲಿ ತೆಗೆದಿಟ್ಟದ್ದೇ ಅಲ್ವಾ?

ಮೊದಲು ಉಪ್ಪಡ್ ಪಚ್ಚಿಲ್, ಅಂದರೆ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ. ಇದಕ್ಕೆ ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು. ಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಿನ ಪರಿಮಳ ಶುರುವಾಗಿರಬಾರದು. ಸೊಳೆ ಕಚ್ಚಿ ನೋಡಿ. ಸಿಹಿ ತಾಗಿದರೆ ಆ ಕಾಯಿ ಬಿಡಿ, ಅದು ಭರಣಿಯಲ್ಲಿ ಮೆತ್ತಗಾಗುತ್ತದೆ. ಬೀಜ, ಸಾರೆ (ಸೊಳೆಯ ಸುತ್ತಲಿನ ನಾರು) ತೆಗೆದು ಸೊಳೆಯನ್ನು ಉದ್ದಕ್ಕೆ ಸೀಳಿ. ನೀರಿನಲ್ಲಿ ತೊಳೆಯಬೇಡಿ, ಒರೆಸಿದರೆ ಸಾಕು. ಒಣಗಿದ ಭರಣಿಗೆ ಒಂದು ಪದರ ಸೊಳೆ, ಮೇಲೆ ಕಲ್ಲುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು, ಹೀಗೆ ಒತ್ತಿ ಒತ್ತಿ ತುಂಬಿಸಿ. ಪುಡಿ ಉಪ್ಪು ಬೇಡ. ಮೇಲೆ ಬಾಡಿಸಿದ ಬಾಳೆಲೆ ಮುಚ್ಚಿ, ತೊಳೆದು ಒಣಗಿಸಿದ ಕಲ್ಲೊಂದನ್ನು ಭಾರಕ್ಕೆ ಇಡಿ. ಎರಡು ಮೂರು ದಿನದಲ್ಲಿ ಸೊಳೆಯೇ ನೀರು ಬಿಟ್ಟು ಆ ಉಪ್ಪುನೀರಿನಲ್ಲಿ ಮುಳುಗುತ್ತದೆ. ಮುಳುಗಲೇಬೇಕು. ಮೇಲೆ ತೇಲಿದ ತುಂಡಿಗೇ ಮೊದಲು ಬೂಸು ಹಿಡಿಯುವುದು.

ನಾನು ಮದುವೆಯಾಗಿ ಬಂದ ಎರಡನೇ ವರ್ಷ ಒಂದು ಇಡೀ ಭರಣಿ ಹಾಳಾಯಿತು. ಗಡಿಬಿಡಿಯಲ್ಲಿ ಒದ್ದೆ ಕೈ ಹಾಕಿ ಒಂದು ಹಿಡಿ ಸೊಳೆ ತೆಗೆದಿದ್ದೆ. ವಾರ ಕಳೆದು ಮುಚ್ಚಳ ತೆಗೆದರೆ ಹುಳಿ ನಾತ, ಮೇಲೆಲ್ಲ ಬಿಳಿ ಪದರ. ಅತ್ತೆ ಬೈಯಲಿಲ್ಲ. ಮರುದಿನ ಭರಣಿಯ ಪಕ್ಕದಲ್ಲೇ ಮರದ ಒಂದು ಸೌಟು ಕಟ್ಟಿ ತೂಗುಹಾಕಿದರು. ಆ ಸೌಟನ್ನು ಇವತ್ತಿಗೂ ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ನೀವೂ ಹಾಗೆ ಒಂದು ಬೇರೆಯೇ ಇಟ್ಟುಕೊಳ್ಳಿ.

ಬಳಸುವಾಗ ಹಿಂದಿನ ರಾತ್ರಿಯೇ ಬೇಕಾದಷ್ಟು ಸೊಳೆ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ. ಬೆಳಿಗ್ಗೆ ಹಿಂಡಿ ಒಂದು ತುಂಡು ಬಾಯಿಗೆ ಹಾಕಿದರೆ ಉಪ್ಪು ಹಿತವಾಗಿರಬೇಕು. ಆಮೇಲೆ ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ. ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು, ತೆಂಗಿನೆಣ್ಣೆಯ ಒಗ್ಗರಣೆ ಸಾಕು. ಇದನ್ನೇ ಅಕ್ಕಿ, ತೆಂಗಿನತುರಿಯ ಜೊತೆ ಗಟ್ಟಿಯಾಗಿ ರುಬ್ಬಿ ಸಣ್ಣ ಉಂಡೆ ಮಾಡಿ ಎಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಮಳೆ ಸುರಿಯುವ ಸಂಜೆಗೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ರಕ್ತದೊತ್ತಡ ಇರುವವರು ಮಾತ್ರ ಒಂದೆರಡು ಕಾಳಿಗೆ ನಿಲ್ಲಿಸಬೇಕು.

ಹಲಸಿನ ಬೀಜ ಎಸೆಯಬೇಡಿ. ಕೆಂಪು ಮಣ್ಣು ಕಲಸಿ ಬೀಜಕ್ಕೆ ಮೆತ್ತಿ, ಕತ್ತಲಿನ ಒಣ ಮೂಲೆಯಲ್ಲಿ ಇಟ್ಟರೆ ಆಟಿಯವರೆಗೂ ಗಟ್ಟಿಯಾಗಿರುತ್ತದೆ. ಫ್ಲ್ಯಾಟಿನಲ್ಲಿ ಮಣ್ಣು ಎಲ್ಲಿಂದ ತರುವುದು ಅನ್ನುವವರು ಉಪ್ಪುನೀರಿನಲ್ಲಿ ಬೇಯಿಸಿ, ಖಡಕ್ಕಾಗಿ ಒಣಗಿಸಿ ಡಬ್ಬಿಗೆ ತುಂಬಿಸಿ. ನಾವು ಅದಕ್ಕೆ ಸಾಂತಾಣಿ ಅನ್ನುತ್ತೇವೆ.

ಮಂಗಳೂರು ಸೌತೆ ಇಡುವ ಕ್ರಮವೂ ಹೇಳುತ್ತೇನೆ. ತೊಟ್ಟು ಇರುವ, ಪೆಟ್ಟು ತಾಗದ, ಚೆನ್ನಾಗಿ ಹಣ್ಣಾದ ಕಾಯಿ ಆರಿಸಿ. ಬಾಳೆ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಪಕಾಸಿಗೆ, ಅಂದರೆ ಹೆಂಚಿನ ಕೆಳಗಿನ ಮರದ ಪಟ್ಟಿಗೆ, ತೂಗುಹಾಕುತ್ತಿದ್ದೆವು. ಒಂದಕ್ಕೊಂದು ತಾಗಬಾರದು, ಅಷ್ಟೇ ಗುಟ್ಟು. ಕೆಳಗಿನಿಂದ ನೋಡಿದರೆ ಹಳದಿ ಹಸಿರು ಪಟ್ಟೆಯ ಸೌತೆಗಳ ಸಾಲು, ಅವುಗಳ ನಡುವೆ ಒಲೆಯ ಹೊಗೆ ಹಾದು ಹೋಗುತ್ತಿತ್ತು. ಈಗ ಪಕಾಸು ಇಲ್ಲದ ಮನೆಗಳೇ ಜಾಸ್ತಿ. ಕಪಾಟಿನ ಮೇಲೆ ಪೇಪರ್ ಹಾಸಿ ದೂರದೂರ ಇಡಿ, ವಾರಕ್ಕೊಮ್ಮೆ ಮಗ್ಗಲು ಬದಲಿಸಿ. ತೊಟ್ಟಿನ ಹತ್ತಿರ ಒತ್ತಿದಾಗ ಮೆತ್ತಗಾದದ್ದನ್ನು ಅವತ್ತೇ ಹುಳಿಗೆ ಹಾಕಿ.

ಮಳೆ ಹಿಡಿದ ಮೇಲೆ ಪತ್ರೊಡೆಯ ಕಾಲ. ಕೆಸುವಿನ ಎಲೆ ಬಾಯಿ ತುರಿಸುತ್ತದೆ ಅಂತ ಹೆದರಿ ತುಂಬಾ ಜನ ಮಾಡುವುದನ್ನೇ ಬಿಟ್ಟಿದ್ದಾರೆ. ಎಲೆಯಲ್ಲಿ ಸೂಜಿಯ ಹಾಗಿರುವ ಸಣ್ಣ ಹರಳುಗಳಿರುತ್ತವೆ, ತುರಿಕೆ ಅದರದ್ದು. ಹುಳಿಗೆ ಕಂಜೂಸುತನ ಮಾಡದೆ, ಚೆನ್ನಾಗಿ ಬೇಯಿಸಿದರೆ ತೊಂದರೆ ಇಲ್ಲ. ಎರಡು ಲೋಟ ಬೆಳ್ತಿಗೆ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ ಹಾಕಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಅರಿಶಿನ, ಬೆಲ್ಲ, ಉಪ್ಪು ಸೇರಿಸಿ ರವೆಯ ಹದಕ್ಕೆ ಗಟ್ಟಿಯಾಗಿ ರುಬ್ಬಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಎಲೆ ಮುಟ್ಟಿ. ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಲ್ಲಿ ಹೆರೆದು ತೆಗೆಯಿರಿ, ಇಲ್ಲದಿದ್ದರೆ ಸುತ್ತುವಾಗ ಎಲೆ ಒಡೆಯುತ್ತದೆ. ಬೆನ್ನು ಮೇಲೆ ಮಾಡಿ ಹಿಟ್ಟು ತೆಳ್ಳಗೆ ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಐದಾರು ಎಲೆ ಆದ ಮೇಲೆ ಎರಡು ಬದಿ ಒಳಕ್ಕೆ ಮಡಚಿ ಬಿಗಿಯಾಗಿ ಸುತ್ತಿ. ಹಬೆಯಲ್ಲಿ ಒಂದು ಗಂಟೆ ಬೇಯಲಿ. ಅರ್ಧ ಗಂಟೆಗೆ ಬೆಂದಿತು ಅಂತ ಇಳಿಸಿದವರೇ ಆಮೇಲೆ ಗಂಟಲು ಹಿಡಿದುಕೊಳ್ಳುವುದು. ಪೂರ್ತಿ ತಣಿದ ಮೇಲೆ ಬಿಲ್ಲೆ ಕತ್ತರಿಸಿ, ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಮಾಡಿ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ನಿಮ್ಮ ಪುಣ್ಯ. ಅದರಲ್ಲಿ ತುರಿಕೆ ಕಡಿಮೆ, ರುಚಿ ಜಾಸ್ತಿ.

ಕಣಿಲೆಗೆ, ಅಂದರೆ ಎಳೆ ಬಿದಿರಿನ ಮೊಳಕೆಗೆ, ಅವಸರ ಸಲ್ಲದು. ಹಸಿ ಕಣಿಲೆಯಲ್ಲಿ ವಿಷದ ಅಂಶ ಉಂಟು. ತೆಳ್ಳಗೆ ಹೆಚ್ಚಿ ಮೂರು ದಿನ ನೀರಿನಲ್ಲಿಡಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ. ಬೇಯಿಸಿದ ಮೊದಲ ನೀರನ್ನೂ ಬಸಿದುಬಿಡಿ. ಆಮೇಲೆ ಮೊಳಕೆ ಬಂದ ಹೆಸರುಕಾಳಿನ ಜೊತೆ ಗಸಿ ಮಾಡಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸು. ಹಾಗಾಗಿ ಒಣಮೀನನ್ನು ಮೇ ತಿಂಗಳಲ್ಲೇ ತಂದಿಡಿ. ತಂದ ಕೂಡಲೇ ಡಬ್ಬಿಗೆ ತುಂಬಿಸಬೇಡಿ, ಮನೆಯ ಬಿಸಿಲಿಗೆ ಇನ್ನೆರಡು ದಿನ ಹಾಕಿ. ಬಾಗಿಸಿದರೆ ಮುರಿಯಬೇಕು. ಒಣ ಎಟ್ಟಿಯನ್ನು (ಸಿಗಡಿಯನ್ನು) ಚಟ್ನಿಗೆ ಹುರಿಯುವ ಮೊದಲು ತಲೆ, ಬಾಲ ಮುರಿದು ಮೊರದಲ್ಲಿ ಕೇರಿ, ಮರಳೆಲ್ಲ ಕೆಳಗೆ ಬೀಳುತ್ತದೆ.

ಮೀನು ಬೇಯಿಸುವ ಮಣ್ಣಿನ ಬಿಸಲೆಗೆ ಸೋಪು ತಾಗಿಸಬೇಡಿ, ಮಣ್ಣು ಅದನ್ನು ಹೀರಿ ಮುಂದಿನ ಸಾರಿಗೆ ಬಿಡುತ್ತದೆ. ತೆಂಗಿನ ನಾರು, ಬೂದಿ, ಬಿಸಿನೀರು ಸಾಕು. ಹೊಸ ಬಿಸಲೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮರುದಿನ ಅದರಲ್ಲಿ ಗಂಜಿತಿಳಿ ಕುದಿಸಿ ಚೆಲ್ಲಿ. ಮಳೆಗಾಲದಲ್ಲಿ ತೊಳೆದ ಮೇಲೆ ಆರಿದ ಒಲೆಯ ಮೇಲೆ ಬೋರಲು ಹಾಕಿದರೆ ಬೂಸು ಬರುವುದಿಲ್ಲ.

ಕೊನೆಗೆ ಆಟಿ ಅಮಾವಾಸ್ಯೆಯ ಕಷಾಯ. ಬೆಳಕು ಹರಿಯುವ ಮೊದಲು ಪಾಲೆ ಮರದ (ಸಪ್ತಪರ್ಣಿಯ) ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುವುದು ಕ್ರಮ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಅಪಾಯ, ಕಾಸರಕ ಅನ್ನುವ ಮರ ಪೂರ್ತಿ ವಿಷ. ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರಕ್ಕೆ ಗುರುತು ಕಟ್ಟಿ ಬನ್ನಿ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದು, ಆರು, ಏಳು ಎಲೆ ಚಕ್ರದ ಹಾಗೆ ಇರುತ್ತವೆ. ಕಾಸರಕದಲ್ಲಿ ಎರಡೆರಡೇ ಎಲೆ ಎದುರುಬದುರು. ತೊಗಟೆಯಿಂದ ಬಿಳಿ ಹಾಲು ಬಂತು ಅನ್ನುವುದನ್ನು ಮಾತ್ರ ನಂಬಬೇಡಿ, ಹಾಲು ಬರುವ ಬೇರೆ ವಿಷದ ಮರಗಳೂ ಉಂಟು. ಮರ ಗೊತ್ತಿರುವ ಹಿರಿಯರು ಜೊತೆಯಲ್ಲಿ ಇಲ್ಲದಿದ್ದರೆ ಆ ವರ್ಷ ಕುಡಿಯದೆ ಇರಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ನಾನು ಕೊಡುವುದಿಲ್ಲ. ತೊಗಟೆಯ ರಸಕ್ಕೆ ಬೆಳ್ಳುಳ್ಳಿ, ಕರಿಮೆಣಸು, ಓಮ ಅರೆದು ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಅಂತ ಅದರಲ್ಲಿ ಅದ್ದಿ, ದೊಡ್ಡವರಿಗೆ ಸಣ್ಣ ಲೋಟದಲ್ಲಿ ಅರ್ಧ ಸಾಕು. ಕಹಿ ಮತ್ತು ಉಷ್ಣ ಹೊಟ್ಟೆಯಲ್ಲಿ ನಿಲ್ಲುತ್ತದೆ, ಅದಕ್ಕೇ ಹಿಂದೆಯೇ ಮೆಂತೆ ಗಂಜಿ. ಮೆಂತೆಯನ್ನು ರಾತ್ರಿಯೇ ನೆನೆಹಾಕಿ, ಅಕ್ಕಿಯ ಜೊತೆ ಮೆತ್ತಗೆ ಬೇಯಿಸಿ, ಇಳಿಸುವ ಮೊದಲು ಬೆಲ್ಲ, ಕೊನೆಗೆ ದಪ್ಪ ಕಾಯಿಹಾಲು. ಕಾಯಿಹಾಲು ಹಾಕಿದ ಮೇಲೆ ಕುದಿಯಲು ಬಿಡಬೇಡಿ, ಒಡೆಯುತ್ತದೆ.