ಕೆನ್ನೆಗೂ ಫಲಕಕ್ಕೂ ನಡುವಿನ ಗಾಳಿ

ಚರ್ಮದ ಅಡಿಯಲ್ಲೇ ಇರುವ ಕ್ಯಾನ್ಸರ್ ಗಡ್ಡೆಗೆ ಪ್ರೋಟಾನ್ ಕಣಗಳ ವಿಕಿರಣ ಚಿಕಿತ್ಸೆ ಕೊಡುವುದು ಸುಲಭ ಎಂದು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಂಬಿದ್ದೆ. ನಮ್ಮ ಯಂತ್ರದಲ್ಲಿ ಸಿಗುವ ಅತಿ ಕಡಿಮೆ ಶಕ್ತಿ 70 ಎಂಇವಿ (ಕಣದ ಶಕ್ತಿಯ ಅಳತೆ). ಅಷ್ಟು ಶಕ್ತಿಯ ಪ್ರೋಟಾನ್ ನೀರಿನಲ್ಲಿ ಸುಮಾರು 4 ಸೆಂಟಿಮೀಟರ್ ಸಾಗಿ ನಿಲ್ಲುತ್ತದೆ, ನಿಲ್ಲುವ ಹೊತ್ತಿಗೇ ಅತಿ ಹೆಚ್ಚು ಡೋಸ್ ಸುರಿಯುತ್ತದೆ. ಗಡ್ಡೆ ಒಂದು ಸೆಂಟಿಮೀಟರ್ ಆಳದಲ್ಲಿದ್ದರೆ ಆ ಸುರಿತವೆಲ್ಲ ಅದನ್ನು ದಾಟಿದ ಮೇಲೆ. ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್‌ನಿಂದ 230 ಎಂಇವಿಯಲ್ಲಿ ಹೊರಡುವ ಕಿರಣವನ್ನು 70ಕ್ಕೆ ಇಳಿಸುವಷ್ಟರಲ್ಲೇ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ, ಇನ್ನೂ ಇಳಿಸುವ ಮಾತೇ ಇಲ್ಲ. ಹಾಗಾಗಿ ಕಿರಣ ಹೊರಬರುವ ಮೂತಿಗೆ ರೇಂಜ್ ಶಿಫ್ಟರ್ ಎಂಬ ಅಕ್ರಿಲಿಕ್ ಫಲಕ ಕೂರಿಸುತ್ತೇವೆ. ಆರೂವರೆ ಸೆಂಟಿಮೀಟರ್ ದಪ್ಪದ ಫಲಕ ಸುಮಾರು ಏಳೂವರೆ ಸೆಂಟಿಮೀಟರ್ ನೀರಿಗೆ ಸಮ; 70ಕ್ಕಿಂತ ಹೆಚ್ಚು ಶಕ್ತಿಯ ಕಿರಣ ಅಷ್ಟು ಹಾದಿಯನ್ನು ಅದರಲ್ಲೇ ಸವೆಸಿ ಚರ್ಮದ ಅಡಿಯಲ್ಲೇ ನಿಲ್ಲುತ್ತದೆ.

ತೊಂದರೆ ಶುರುವಾಗುವುದೂ ಅಲ್ಲೇ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟಂತೆ, ಫಲಕ ಕಿರಣವನ್ನು ಚದುರಿಸುತ್ತದೆ. ದೂರ ಹೋದಷ್ಟೂ ಚದುರು ಹಿಗ್ಗುತ್ತದೆ.

ಕಿವಿಯ ಕೆಳಗಿನ ಪರೋಟಿಡ್ ಎಂಬ ಜೊಲ್ಲು ಗ್ರಂಥಿಯ ಶಸ್ತ್ರಚಿಕಿತ್ಸೆ ಆಗಿದ್ದ ಹಿರಿಯರೊಬ್ಬರಿಗೆ ಕಿರಣ ಎಲ್ಲಿಂದ, ಎಷ್ಟು ಎಂಬ ಪ್ಲಾನ್ ನಾನು ಮಾಡಿದ್ದೆ. ಮೂತಿ ಭುಜಕ್ಕೆ ತಗುಲುತ್ತದೆಂದು ಹಿಂದಕ್ಕೆ ಸರಿಸಿದ್ದರಿಂದ, ಫಲಕಕ್ಕೂ ಕೆನ್ನೆಗೂ ನಡುವೆ 17 ಸೆಂಟಿಮೀಟರ್ ಗಾಳಿ ಉಳಿದಿತ್ತು. ಪರದೆಯ ಮೇಲೆ ಡೋಸ್ ಅಚ್ಚುಕಟ್ಟಾಗಿಯೇ ಕಂಡಿತು. ಸಂಜೆ ‘ಘನ ನೀರು’ ಎನ್ನುವ, ಕಿರಣಕ್ಕೆ ನೀರಿನಂತೆಯೇ ವರ್ತಿಸುವ ಪ್ಲಾಸ್ಟಿಕ್ ಹಲಗೆಗಳನ್ನು 2 ಸೆಂಟಿಮೀಟರ್ ಪೇರಿಸಿ, ಅಡಿಯಲ್ಲಿ ಡೋಸ್ ಅಳೆಯುವ ಅಯಾನ್ ಚೇಂಬರ್‌ಗಳ ತಟ್ಟೆಯಿಟ್ಟು ಅಳೆದೆ. ನಟ್ಟನಡುವೆಯೇ ಲೆಕ್ಕಕ್ಕಿಂತ ಶೇಕಡಾ 6ರಷ್ಟು ಕಡಿಮೆ. ಮೊದಲು ಉಪಕರಣದ ಮೇಲೆ ಗುಮಾನಿ ಬಂತು (ನಮ್ಮವರ ಹಳೆಯ ಚಾಳಿ). ತಾಪ, ಒತ್ತಡದ ತಿದ್ದುಪಡಿ ಮತ್ತೆ ಹಾಕಿದೆ, ತಟ್ಟೆಯನ್ನು ತಿರುಗಿಸಿಟ್ಟೆ. ಅದೇ ಅಂಕಿ. ಕೊನೆಗೆ ಬೇರೇನೂ ಬದಲಿಸದೆ ಮೂತಿಯನ್ನು 5 ಸೆಂಟಿಮೀಟರ್‌ವರೆಗೆ ತಂದು, ಆ ಅಂತರವನ್ನು ಲೆಕ್ಕಕ್ಕೂ ಕೊಟ್ಟು ಅಳೆದೆ. ವ್ಯತ್ಯಾಸ ಶೇಕಡಾ 2ಕ್ಕಿಂತ ಕೆಳಗಿಳಿಯಿತು.

ಫಲಕದೊಳಗಿನ ಪರಮಾಣು ಬೀಜಗಳಿಗೆ ಬಡಿದು ಅಗಲವಾಗಿ ಸಿಡಿಯುವ ಕಣಗಳನ್ನು ನಾನು ಬಳಸಿದ್ದ ವೇಗದ ಲೆಕ್ಕಾಚಾರ ಸರಿಯಾಗಿ ಹಿಂಬಾಲಿಸಿರಲಿಲ್ಲ. ಒಂದೊಂದೇ ಕಣದ ಹಾದಿ ಹಿಡಿಯುವ ಮಾಂಟೆ ಕಾರ್ಲೊ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದೂ ಕೊರತೆಯನ್ನೇ ತೋರಿಸಿತು. ‘ಹಾಗಾದರೆ ಅದರಲ್ಲೇ ಪ್ಲಾನ್ ಮಾಡಿ, ಕೊರತೆ ತುಂಬಿದರಾಯಿತಲ್ಲ’ ಎಂದರು ಸಹೋದ್ಯೋಗಿ. ಅರ್ಧ ಸರಿ. ನಡುವಿನ ಡೋಸ್ ತುಂಬಬಹುದು, ಆದರೆ ಮಸುಕಾದ ಅಂಚು ಮಸುಕಾಗಿಯೇ ಇರುತ್ತದೆ. ಆ ಅಂಚಿನ ಪಕ್ಕದಲ್ಲೇ ಒಳಗಿವಿಯೂ ದವಡೆಯ ಮೂಳೆಯೂ ಇದ್ದವು.

ಮಾಂಟೆ ಕಾರ್ಲೊವನ್ನೂ ಬಿಡಲಿಲ್ಲ, ಗಾಳಿಯನ್ನೂ ತಗ್ಗಿಸಿದೆವು. ಪಟ್ಟಿಯಿಂದ ಭುಜವನ್ನು ಕೆಳಗೆಳೆದು, ರೋಗಿ ಮಲಗುವ ಕೌಚ್ ತುಸು ತಿರುಗಿಸಿ, ಮೂತಿಯನ್ನು ಹೊತ್ತು ಸುತ್ತುವ ಗ್ಯಾಂಟ್ರಿಯನ್ನು ಮುಂಭಾಗಕ್ಕೆ ವಾಲಿಸಿದೆವು. ಮೂತಿ ಎಲ್ಲಾದರೂ ತಗುಲುತ್ತದೆಯೇ ನೋಡಲು ಕೌಚ್ ಮೇಲೆ ಮಲಗಿದವನು ನಾನೇ. ಕಿರಣವೇನೂ ಇರಲಿಲ್ಲ, ಆದರೂ ಆ ಕಬ್ಬಿಣದ ಗಾತ್ರ ಕಿವಿಯತ್ತ ತೆವಳಿ ಬರುವಾಗ ಉಸಿರು ಬಿಗಿಹಿಡಿದಿದ್ದೆ. ತಂತ್ರಜ್ಞೆ ಸ್ಕೇಲ್ ಹಿಡಿದು ‘ಐದೂವರೆ’ ಎಂದರು. ತಲೆ ಅಲುಗದಂತೆ ಹಿಡಿಯುವ ಮುಖದ ಮಾಸ್ಕ್‌ನ ಎರಡೂಚಿಲ್ಲರೆ ಮಿಲಿಮೀಟರ್ ದಪ್ಪವನ್ನೂ ಲೆಕ್ಕದಲ್ಲಿನ ದೇಹದ ಹೊರರೇಖೆಯೊಳಗೆ ಸೇರಿಸಿದೆ. ಒಂದು ಸೆಂಟಿಮೀಟರ್ ಆಳದ ಗುರಿಗೆ ಅದು ಸಣ್ಣ ಸಂಗತಿಯಲ್ಲ. ಮೂರನೆಯ ವಾರ ಕೆನ್ನೆಯ ಊತ ಇಳಿದು ಮಾಸ್ಕ್ ಸಡಿಲವಾದಾಗ ಮತ್ತೆ ಸಿಟಿ ಸ್ಕ್ಯಾನ್ ತೆಗೆದು ಪ್ಲಾನ್ ಬದಲಿಸಿದೆವು.

ಹಿರಿಯರು ಬಸ್ ಚಾಲಕರಾಗಿದ್ದವರು. ಮೊದಲ ದಿನ ಮಾಸ್ಕ್ ತೆಗೆದ ಕೂಡಲೇ ಕೇಳಿದರು, ‘ಅಷ್ಟು ಹತ್ತಿರ ಯಾಕೆ ತರುತ್ತೀರಿ ಸರ್? ಡಿಪೋದಲ್ಲಿ ರಿವರ್ಸ್ ತೆಗೆಯುವಾಗ ನಾನು ಗೋಡೆಗೆ ನಾಲ್ಕು ಬೆರಳಾದರೂ ಬಿಡುತ್ತಿದ್ದೆ.’

‘ನಾವು ಬಿಡುವುದು ಮೂರೇ ಬೆರಳು ಯಜಮಾನರೇ’ ಎಂದೆ.